ಡಯಾಲಿಸಿಸ್ ರೋಗಿಯ ಎಚ್‌ಬಿ ಮತ್ತು ತೂಕ: ಎರಡು ಅಂಕಿಗಳೊಳಗೆ ಸೇರಿಕೊಂಡ ನೀರು

ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾಗಲಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಾಗಲಿ, ಡಯಾಲಿಸಿಸ್‌ಗೆಂದು ಬಂದವರು ಹಾಸಿಗೆ ಹತ್ತುವ ಮುನ್ನ ತೂಕದ ಯಂತ್ರ ಹತ್ತುತ್ತಾರೆ. ಜಗಳೂರು, ಹೊಳಲ್ಕೆರೆ, ಚಳ್ಳಕೆರೆ, ಹೊಸದುರ್ಗದ ಹಳ್ಳಿಗಳಿಂದ ವಾರಕ್ಕೆ ಎರಡೋ ಮೂರೋ ಬಾರಿ ಬಸ್ಸು ಹಿಡಿದು ಬರುವ ಈ ರೋಗಿಗಳಿಗೂ ಜೊತೆಗೆ ಬರುವ ಮನೆಯವರಿಗೂ ಎರಡು ಅಂಕಿಗಳು ಬಾಯಿಪಾಠವಾಗಿರುತ್ತವೆ: ಇಂದಿನ ತೂಕ ಎಷ್ಟು, ಈ ತಿಂಗಳ ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಎಷ್ಟು. ಅಂದು ಎಷ್ಟು ಲೀಟರ್ ನೀರು ತೆಗೆಯಬೇಕೆಂಬುದು ತೂಕವನ್ನು ನೋಡಿ ನಿರ್ಧಾರವಾಗುತ್ತದೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಎಷ್ಟು ಕೊಡಬೇಕೆಂಬುದು ಎಚ್‌ಬಿಯನ್ನು ನೋಡಿ. ಫೈಲಿನ ಬೇರೆ ಬೇರೆ ಹಾಳೆಗಳಲ್ಲಿ ಬರೆದಿಡುವ ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದದಿದ್ದರೆ ಎರಡೂ ದಾರಿ ತಪ್ಪಿಸಬಲ್ಲವು, ಏಕೆಂದರೆ ಎರಡರೊಳಗೂ ಒಂದೇ ನೀರು ಸೇರಿಕೊಂಡಿರುತ್ತದೆ. ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ನೀರು ಎಷ್ಟು ಎಂದು ಬಿಡಿಸಿ ನೋಡುವ ದೇಹರಚನೆಯ ಅಳತೆ ರಕ್ತಹೀನತೆಯ ವಿಚಾರದಲ್ಲೂ ಕೆಲಸಕ್ಕೆ ಬರುವುದು ಈ ಕಾರಣದಿಂದ.

ಮೂತ್ರಪಿಂಡ ಕೆಟ್ಟರೆ ರಕ್ತ ಏಕೆ ಕಡಿಮೆಯಾಗುತ್ತದೆ ಎಂಬುದರಿಂದ ಆರಂಭಿಸಬೇಕು. ರಕ್ತವನ್ನು ಸೋಸುವುದಷ್ಟೇ ಕಿಡ್ನಿಯ ಕೆಲಸವಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುವುದನ್ನು ಗುರುತಿಸಿ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುವ ಕೋಶಗಳು ಅಲ್ಲಿವೆ. ಮೂಳೆಯ ಮಜ್ಜೆಯು ಕೆಂಪು ರಕ್ತಕಣಗಳನ್ನು ತಯಾರಿಸುವುದು ಈ ಹಾರ್ಮೋನಿನ ಆದೇಶದಂತೆ. ಕೋಶಗಳು ಆಮ್ಲಜನಕದ ಕೊರತೆಯನ್ನು ಹೇಗೆ ಅರಿಯುತ್ತವೆ ಎಂಬುದನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಕಿಡ್ನಿ ಸೋತಾಗ ಈ ಆದೇಶವೇ ಹೊರಡುವುದಿಲ್ಲ, ಹೊರಟರೂ ಸಾಲುವುದಿಲ್ಲ. ಇದರ ಮೇಲೆ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಆರೋಗ್ಯವಂತರಲ್ಲಿ ಸುಮಾರು 120 ದಿನ ಬಾಳುವ ಕೆಂಪು ಕಣಗಳು ಕಿಡ್ನಿ ರೋಗಿಗಳಲ್ಲಿ ಅದಕ್ಕಿಂತ ಬೇಗ ಸಾಯುತ್ತವೆ. ಪ್ರತಿ ಡಯಾಲಿಸಿಸ್‌ನಲ್ಲೂ ಕೊಳವೆಗಳಲ್ಲಿ, ಫಿಲ್ಟರಿನಲ್ಲಿ, ಸೂಜಿ ತೆಗೆದ ಜಾಗದಲ್ಲಿ, ಪರೀಕ್ಷೆಗೆಂದು ತೆಗೆಯುವ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತದೆ, ಜೊತೆಗೆ ಅದರಲ್ಲಿದ್ದ ಕಬ್ಬಿಣವೂ ಹೋಗುತ್ತದೆ.

ಉಳಿದ ಕಬ್ಬಿಣವಾದರೂ ಮಜ್ಜೆಗೆ ತಲುಪುತ್ತದೆಯೇ ಎಂದರೆ ಅಲ್ಲಿಯೂ ಒಂದು ತಡೆ ಇದೆ. ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ವಸ್ತು ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದ್ದಾಗ ಹೆಚ್ಚುತ್ತದೆ. ಕಿಡ್ನಿಯ ಮೂಲಕ ಹೊರಹೋಗಬೇಕಾದ ಅದು ಕಿಡ್ನಿ ಕೆಟ್ಟಾಗ ರಕ್ತದಲ್ಲೇ ಉಳಿಯುತ್ತದೆ. ಹೆಪ್ಸಿಡಿನ್ ಹೆಚ್ಚಾದಂತೆ ಕರುಳು ಕಬ್ಬಿಣವನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಶೇಖರವಾಗಿರುವ ಕಬ್ಬಿಣವೂ ಹೊರಬರುವುದಿಲ್ಲ. ಡಯಾಲಿಸಿಸ್ ರೋಗಿಗಳಿಗೆ ಕಬ್ಬಿಣದ ಮಾತ್ರೆ ಅಷ್ಟಾಗಿ ಹತ್ತದೆ, ಅದನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುವುದು ಇದರಿಂದ. ರಿಪೋರ್ಟಿನಲ್ಲಿ ಕಬ್ಬಿಣದ ಶೇಖರಣೆಯನ್ನು ಸೂಚಿಸುವ ಫೆರಿಟಿನ್ ಧಾರಾಳವಾಗಿದ್ದರೂ, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣವನ್ನು ಸೂಚಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 20%ಗಿಂತ ಕೆಳಗಿರುವ ಸಂದರ್ಭಗಳು ಅಪರೂಪವಲ್ಲ. ದೇಹದಲ್ಲಿ ಕಬ್ಬಿಣವಿದೆ, ಬಳಕೆಗೆ ಸಿಗುತ್ತಿಲ್ಲ ಎಂದು ಅದರ ಅರ್ಥ.

ಇಷ್ಟು ಕಾರಣಗಳು ಇರುವುದರಿಂದ ಎಚ್‌ಬಿ ಇಳಿದ ಕೂಡಲೇ ಇವುಗಳಲ್ಲಿ ಒಂದನ್ನು ಹೊಣೆ ಮಾಡುವುದು ಸಹಜ. ಆದರೆ ಎಚ್‌ಬಿ ಎನ್ನುವುದು ದೇಹದಲ್ಲಿರುವ ಒಟ್ಟು ಹಿಮೋಗ್ಲೋಬಿನ್ ಅಲ್ಲ, ಒಂದು ಡೆಸಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ಇದ್ದಕ್ಕಿದ್ದಂತೆ ನೆಂಟರು ಬಂದಾಗ ಸಾರಿಗೆ ಎರಡು ಲೋಟ ನೀರು ಬೆರೆಸಿದರೆ ಹಾಕಿದ ಉಪ್ಪು ಅಷ್ಟೇ ಇರುತ್ತದೆ, ನಾಲಗೆಗೆ ಮಾತ್ರ ಸಪ್ಪೆ ಎನಿಸುತ್ತದೆ. ಮೂತ್ರ ಹೋಗದ ದೇಹದಲ್ಲಿ ನೀರು ನಿಂತಾಗ ಎಚ್‌ಬಿಗೆ ಆಗುವುದೂ ಅದೇ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ರೋಗಿಯ ದೇಹದಲ್ಲಿ 4 ಲೀಟರ್ ರಕ್ತವಿದೆ, ಅದರಲ್ಲಿ ಒಟ್ಟು 400 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದಿಟ್ಟುಕೊಂಡರೆ ಅವರ ಎಚ್‌ಬಿ 10. ಎರಡು ಡಯಾಲಿಸಿಸ್‌ಗಳ ನಡುವೆ 3 ಲೀಟರ್ ನೀರು ಸೇರಿತೆನ್ನಿ. ಅದರಲ್ಲಿ ಹೆಚ್ಚಿನ ಪಾಲು ಅಂಗಾಂಶಗಳ ನಡುವೆ ನಿಲ್ಲುತ್ತದೆ, ಕಾಲು ಬಾತುಕೊಳ್ಳುವುದು ಅದರಿಂದಲೇ. ಸುಮಾರು ಐದನೇ ಒಂದು ಪಾಲು, ಅಂದರೆ 600 ಮಿಲಿಲೀಟರ್, ರಕ್ತದೊಳಗೆ ಉಳಿಯುತ್ತದೆ. ಈಗ ಅದೇ 400 ಗ್ರಾಂ 4.6 ಲೀಟರ್‌ನಲ್ಲಿ ಹಂಚಿಕೆಯಾಗಿದೆ, ಎಚ್‌ಬಿ 8.7 ಎಂದು ಬರುತ್ತದೆ. ಒಂದು ಹನಿ ರಕ್ತವೂ ಹೋಗಿಲ್ಲ, ಒಂದು ಕಣವೂ ಕಡಿಮೆಯಾಗಿಲ್ಲ. ನಾಲ್ಕು ಗಂಟೆ ಡಯಾಲಿಸಿಸ್ ಮುಗಿದ ಮೇಲೆ ರಕ್ತ ತೆಗೆದು ನೋಡಿದ್ದರೆ ಎಚ್‌ಬಿ ಮತ್ತೆ ಮೇಲಕ್ಕೆ ಬಂದಿರುತ್ತಿತ್ತು.

ಆದ್ದರಿಂದಲೇ ತಿಂಗಳ ರಕ್ತಪರೀಕ್ಷೆಯನ್ನು ಡಯಾಲಿಸಿಸ್ ಆರಂಭಿಸುವ ಮುನ್ನ, ಸಾಧ್ಯವಾದರೆ ವಾರದ ನಡುವಿನ ಸರದಿಯಲ್ಲಿ ಮಾಡಿಸಬೇಕು ಎನ್ನುತ್ತಾರೆ. ಭಾನುವಾರದ ರಜೆ ಸೇರಿ ಎರಡು ದಿನದ ಅಂತರವಾದ ಮೇಲೆ, ನೀರು ಅತಿ ಹೆಚ್ಚು ಸೇರಿರುವ ಸೋಮವಾರ ಒಂದು ತಿಂಗಳು, ಬುಧವಾರ ಇನ್ನೊಂದು ತಿಂಗಳು ಎಂದು ರಕ್ತ ಕೊಟ್ಟರೆ ಎರಡು ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವಿರುವುದಿಲ್ಲ. ವಾರಕ್ಕೆ ಎರಡೇ ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಅಂತರ ಇನ್ನೂ ದೊಡ್ಡದು, ತೆಳುವಾಗುವಿಕೆಯೂ ಹೆಚ್ಚು.

ಇನ್ನು ತೂಕ. ಹೆಚ್ಚುವರಿ ನೀರೆಲ್ಲ ಹೋದ ಮೇಲೆ, ಊತವಿಲ್ಲದೆ, ಬಿಪಿ ಹತೋಟಿಯಲ್ಲಿದ್ದು, ಕಾಲು ಹಿಡಿದುಕೊಳ್ಳದೆ, ತಲೆ ಸುತ್ತದೆ ಇರುವ ತೂಕವನ್ನು ವಾರ್ಡಿನಲ್ಲಿ ಡ್ರೈ ವೇಟ್ ಎನ್ನುತ್ತಾರೆ. ಇದನ್ನು ಒಮ್ಮೆ ಗೊತ್ತುಮಾಡಿ ಫೈಲಿನ ಮೇಲೆ ಬರೆದಿಟ್ಟರೆ ಅದು ಶಾಶ್ವತ ಎಂಬಂತೆ ನಡೆದುಕೊಳ್ಳುವುದೇ ಹೆಚ್ಚು. 60 ಕಿಲೋ ಡ್ರೈ ವೇಟ್ ಇರುವವರೊಬ್ಬರಿಗೆ ಹದಿನೈದು ದಿನ ಜ್ವರ ಬಂದು ಊಟ ಸೇರಲಿಲ್ಲ, ಸ್ನಾಯು ಕರಗಿ 3 ಕಿಲೋ ಹೋಯಿತು ಎಂದುಕೊಳ್ಳಿ. ಈಗ ಅವರ ನಿಜವಾದ ಡ್ರೈ ವೇಟ್ 57. ಆದರೆ ಫೈಲಿನಲ್ಲಿ 60 ಇರುವುದರಿಂದ ಯಂತ್ರವನ್ನು 60ಕ್ಕೇ ನಿಲ್ಲಿಸುತ್ತಾರೆ, 3 ಲೀಟರ್ ನೀರು ಒಳಗೇ ಉಳಿಯುತ್ತದೆ. ತೂಕದ ಯಂತ್ರ ಹೇಳುವುದು 60. ಮನೆಯವರಿಗೆ ತೂಕ ಇಳಿದಿಲ್ಲವೆಂಬ ಸಮಾಧಾನ. ಒಳಗೆ ನಡೆದಿರುವುದು ಸ್ನಾಯುವಿನ ಜಾಗಕ್ಕೆ ನೀರು ಬಂದು ಕೂತಿರುವುದು. ಬಿಪಿ ಏರುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಹಿಂದಿನ ಲೆಕ್ಕದಂತೆ ಎಚ್‌ಬಿಯೂ ಇಳಿಯುತ್ತದೆ. ಇಳಿದ ಎಚ್‌ಬಿ ನೋಡಿ ಇಂಜೆಕ್ಷನ್ ಹೆಚ್ಚಿಸಿದರೆ, ಆ ಇಂಜೆಕ್ಷನ್ ಬಿಪಿಯನ್ನು ಇನ್ನಷ್ಟು ಏರಿಸುವ ಗುಣದ್ದು. ಮುಂದೆ ಯಾವಾಗಲೋ ಆ 3 ಲೀಟರ್ ತೆಗೆದಾಗ ಎಚ್‌ಬಿ ಬೇಕಾದ್ದಕ್ಕಿಂತ ಮೇಲೆ ಹಾರಿ ರಕ್ತ ಗಟ್ಟಿಯಾಗುತ್ತದೆ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಅದು ನೀರನ್ನೂ ಸ್ನಾಯುವನ್ನೂ ಕೊಬ್ಬನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಜೊತೆಗೆ, ಕೈಕಾಲು ಸಣ್ಣಗಿದ್ದು ಹೊಟ್ಟೆಯ ಸುತ್ತ ಕೊಬ್ಬು ಸೇರಿರುವ ಮೈಕಟ್ಟು ನಮ್ಮ ದೇಶದಲ್ಲಿ ಸಾಮಾನ್ಯವಾಗಿರುವುದರಿಂದ ಬಿಎಂಐ ಸರಿಯಾಗಿದೆ ಎಂದರೆ ಸ್ನಾಯು ಸರಿಯಾಗಿದೆ ಎಂದು ಹೇಳಲಾಗದು.

ತೂಕವನ್ನು ಬಿಡಿಸಿ ನೋಡಲು ಡಯಾಲಿಸಿಸ್ ಘಟಕಗಳಲ್ಲಿ ಹೆಚ್ಚಾಗಿ ಬಳಸುವ ವಿಧಾನಕ್ಕೆ ಬಯೋಇಂಪೆಡೆನ್ಸ್ ಎಂದು ಹೆಸರು. ರೋಗಿಯನ್ನು ಕೆಲವು ನಿಮಿಷ ಅಂಗಾತ ಮಲಗಿಸಿ, ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಶಸ್ತ್ರಕ್ರಿಯೆಯಿಂದ ಜೋಡಿಸಿದ ರಕ್ತನಾಳ, ಇಲ್ಲದ ಕಡೆಯ ಕೈಗೆ ಎರಡು, ಅದೇ ಕಡೆಯ ಪಾದಕ್ಕೆ ಎರಡು ಅಂಟುಪಟ್ಟಿಗಳನ್ನು ಹಚ್ಚುತ್ತಾರೆ. ಇಸಿಜಿ ಮಾಡಿಸಿಕೊಂಡವರಿಗೆ ಈ ಪಟ್ಟಿಗಳ ಪರಿಚಯ ಇರುತ್ತದೆ. ಅವುಗಳ ಮೂಲಕ ರೋಗಿಯ ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ತನ್ನು ಹರಿಸಲಾಗುತ್ತದೆ. ನೀರು ಮತ್ತು ಲವಣ ಇರುವ ಕಡೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಕಷ್ಟಪಡುತ್ತದೆ. ಇಷ್ಟೇ ಆಗಿದ್ದರೆ ಒಟ್ಟು ನೀರು ಮಾತ್ರ ಗೊತ್ತಾಗುತ್ತಿತ್ತು. ವಿಧಾನದ ಜಾಣತನವಿರುವುದು ಆವರ್ತನದಲ್ಲಿ, ಅಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಬಾರಿ ಹಿಂದೆ ಮುಂದೆ ಆಡುತ್ತದೆ ಎಂಬುದರಲ್ಲಿ. ಕಡಿಮೆ ಆವರ್ತನದ ವಿದ್ಯುತ್ ಕೋಶದ ಪೊರೆಯನ್ನು ದಾಟಲಾರದೆ ಕೋಶಗಳ ಹೊರಗಿನ ನೀರಿನಲ್ಲಿ ಸುತ್ತಿ ಬಳಸಿ ಹೋಗುತ್ತದೆ. ಹೆಚ್ಚಿನ ಆವರ್ತನದ್ದು ಪೊರೆಯನ್ನು ಹಾದು ಒಳಗಿನ ನೀರನ್ನೂ ಮುಟ್ಟುತ್ತದೆ. ಡಯಾಲಿಸಿಸ್‌ಗೆಂದೇ ರೂಪಿಸಿದ ಒಂದು ಬಗೆಯ ಉಪಕರಣ 5 ಕಿಲೋಹರ್ಟ್ಸ್‌ನಿಂದ 1000 ಕಿಲೋಹರ್ಟ್ಸ್‌ವರೆಗೆ 50 ಆವರ್ತನಗಳಲ್ಲಿ ಅಳೆದು, ಕೋಶದ ಹೊರಗಿನ ನೀರು ಮತ್ತು ಒಳಗಿನ ನೀರನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಈ ಎರಡು ನೀರುಗಳಿಂದ ಸ್ನಾಯು, ಕೊಬ್ಬು ಹೇಗೆ ಗೊತ್ತಾಗುತ್ತದೆ? ಸರಿಯಾಗಿ ನೀರಿರುವ ಸ್ನಾಯುಪ್ರಧಾನ ಅಂಗಾಂಶದಲ್ಲಿ ತೂಕದ ಸುಮಾರು 70% ನೀರಿರುತ್ತದೆ, ಕೊಬ್ಬಿನ ಅಂಗಾಂಶದಲ್ಲಿ ಸುಮಾರು 20%. ಎರಡರಲ್ಲೂ ಒಳಗಿನ ಮತ್ತು ಹೊರಗಿನ ನೀರಿನ ಪ್ರಮಾಣವೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. ಅಳತೆಯಲ್ಲಿ ಸಿಕ್ಕ ಹೊರಗಿನ ನೀರಿನಲ್ಲಿ ಈ ಎರಡು ಅಂಗಾಂಶಗಳಿಗೆ ಸಲ್ಲಬೇಕಾದ ಪಾಲನ್ನು ಕಳೆದ ಮೇಲೂ ಉಳಿಯುವ ನೀರು ಯಾರ ಲೆಕ್ಕಕ್ಕೂ ಸೇರದ್ದು, ಅದೇ ಹೆಚ್ಚುವರಿ ನೀರು. ಹೀಗೆ ತೂಕ ಮೂರು ಭಾಗವಾಗುತ್ತದೆ: ಸ್ನಾಯುಪ್ರಧಾನ ಅಂಗಾಂಶ, ಕೊಬ್ಬಿನ ಅಂಗಾಂಶ, ಹೆಚ್ಚುವರಿ ನೀರು. ಈ ಹೆಚ್ಚುವರಿ ನೀರು ಕೋಶದ ಹೊರಗಿನ ಒಟ್ಟು ನೀರಿನ 15% ದಾಟಿದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಯುರೋಪಿನಲ್ಲಿ ಡಯಾಲಿಸಿಸ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂದಿನಿಂದ ಆ 15% ಒಂದು ಗಡಿಯಾಗಿ ಬಳಕೆಯಲ್ಲಿದೆ.

ಈ ಅಳತೆಗೂ ಮಿತಿಗಳಿವೆ. ಪೇಸ್‌ಮೇಕರ್ ಇರುವವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ; ಕಾಲು ತೆಗೆಸಿದವರಲ್ಲಿ, ದೇಹದಲ್ಲಿ ದೊಡ್ಡ ಲೋಹದ ಸಲಾಕೆ ಇರುವವರಲ್ಲಿ ಲೆಕ್ಕ ತಪ್ಪುತ್ತದೆ; ಹೊಟ್ಟೆಯಲ್ಲಿ ತುಂಬಿದ ನೀರನ್ನು ಕೈಯಿಂದ ಪಾದಕ್ಕೆ ಹರಿಯುವ ವಿದ್ಯುತ್ ಸರಿಯಾಗಿ ಹಿಡಿಯುವುದಿಲ್ಲ. ಮನೆಗೆ ತಂದಿಟ್ಟುಕೊಳ್ಳುವ, ಮೇಲೆ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ತೂಕದ ಯಂತ್ರಗಳನ್ನಂತೂ ಡಯಾಲಿಸಿಸ್ ರೋಗಿಗಳು ನಂಬಬಾರದು: ಅವು ದೇಹದ ನೀರು ಸರಿಯಾಗಿದೆ ಎಂಬ ಊಹೆಯ ಮೇಲೆ ನಡೆಯುವುದರಿಂದ, ಬಾತ ಕಾಲಿನ ನೀರನ್ನೂ ಸ್ನಾಯು ಎಂದೇ ತೋರಿಸಬಲ್ಲವು. ಮೂಳೆ ಸಾಂದ್ರತೆಗೆ ಬಳಸುವ ಡೆಕ್ಸಾ ಸ್ಕ್ಯಾನ್ ಕೊಬ್ಬನ್ನು ಚೆನ್ನಾಗಿ ಅಳೆದರೂ ನೀರನ್ನು ಸ್ನಾಯುವಿನಿಂದ ಬೇರ್ಪಡಿಸಲಾರದು.

2016ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಜಿಲ್ಲಾಸ್ಪತ್ರೆಯಲ್ಲೇ ಉಚಿತ ಡಯಾಲಿಸಿಸ್ ಸಿಗುವಂತಾದದ್ದು ದೊಡ್ಡ ವಿಷಯ. ಹಾಗೆಂದು ಬಯೋಇಂಪೆಡೆನ್ಸ್ ಉಪಕರಣ ಎಲ್ಲ ಕಡೆ ಇರಬೇಕೆಂದು ನಿರೀಕ್ಷಿಸಲಾಗದು. ಅದಿಲ್ಲದ ಕಡೆ ದರ್ಜಿಯ ಟೇಪು ಕೂಡ ಬಹಳಷ್ಟನ್ನು ಹೇಳುತ್ತದೆ. ಫಿಸ್ಟುಲಾ ಇಲ್ಲದ ತೋಳಿನ ನಡುಭಾಗದ ಸುತ್ತಳತೆಯನ್ನು ಡಯಾಲಿಸಿಸ್ ಮುಗಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬರೆದಿಟ್ಟರೆ ಸ್ನಾಯು ಇಳಿಯುತ್ತಿರುವುದು ಗೊತ್ತಾಗುತ್ತದೆ. ಕೈಹಿಡಿತದ ಬಲ ಅಳೆಯುವ ಉಪಕರಣವೂ ಸರಳವಾದದ್ದು; ಏಷ್ಯಾದ ತಜ್ಞರ ಗುಂಪು 2019ರಲ್ಲಿ ನೀಡಿದ ಮಾನದಂಡದಂತೆ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಹಿಡಿತವನ್ನು ದುರ್ಬಲವೆಂದು ಎಣಿಸುತ್ತಾರೆ. ಮೂರನೆಯ ಸುಳಿವು ತಿಂಗಳ ರಿಪೋರ್ಟಿನಲ್ಲೇ ಇರುತ್ತದೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಹುಟ್ಟುವ ವಸ್ತು. ಮೂತ್ರವೇ ಹೋಗದ ರೋಗಿಯಲ್ಲಿ, ಡಯಾಲಿಸಿಸ್ ಕ್ರಮ ಬದಲಾಗದೆಯೇ, ಡಯಾಲಿಸಿಸ್‌ಗೆ ಮುಂಚಿನ ಕ್ರಿಯಾಟಿನಿನ್ 11ರಿಂದ 7ಕ್ಕೆ ಇಳಿದಿದ್ದರೆ ಮನೆಯವರು ಕಿಡ್ನಿ ಸುಧಾರಿಸುತ್ತಿದೆ ಎಂದು ಹರಕೆ ತೀರಿಸಲು ಹೊರಡುವುದುಂಟು. ಬಹುತೇಕ ಅದು ಸ್ನಾಯು ಕರಗುತ್ತಿರುವುದರ ಗುರುತು.

ಸ್ನಾಯುವಿಗೂ ರಕ್ತಹೀನತೆಗೂ ನೀರಿನ ಮೂಲಕವಲ್ಲದೆ ನೇರ ನಂಟೂ ಇದೆ. ಎಚ್‌ಬಿ ಕಡಿಮೆ ಇದ್ದವರು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾರೆ, ನಡೆಯುವುದನ್ನು ನಿಲ್ಲಿಸುತ್ತಾರೆ, ಬಳಸದ ಸ್ನಾಯು ಕರಗುತ್ತದೆ. ಇನ್ನೊಂದು ದಿಕ್ಕಿನಿಂದ ನೋಡಿದರೆ, ಸ್ನಾಯುವನ್ನು ಕರಗಿಸುವ ಉರಿಯೂತವೇ ಹಸಿವನ್ನು ಕೊಲ್ಲುತ್ತದೆ, ಹೆಪ್ಸಿಡಿನ್ ಹೆಚ್ಚಿಸಿ ಕಬ್ಬಿಣವನ್ನು ಬಂಧಿಸುತ್ತದೆ, ಮಜ್ಜೆಯು ಇಂಜೆಕ್ಷನ್ನಿಗೂ ಓಗೊಡದಂತೆ ಮಾಡುತ್ತದೆ. ಸ್ನಾಯು ಹೆಚ್ಚು, ಹೆಚ್ಚುವರಿ ನೀರು ಕಡಿಮೆ ಇರುವವರಲ್ಲಿ ಎಚ್‌ಬಿ ಚೆನ್ನಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಇವುಗಳಲ್ಲಿ ಬಹುಪಾಲು ಒಂದೇ ಕಾಲದಲ್ಲಿ ಅಳೆದು ನೋಡಿದವು. ಯಾವುದು ಮೊದಲು, ಯಾವುದು ಅದರ ಫಲ ಎಂಬುದನ್ನು ಅವು ಹೇಳಲಾರವು. ಕೊಬ್ಬಿನ ವಿಷಯ ಇನ್ನೂ ಗೋಜಲು. ದಪ್ಪಗಿರುವ ಡಯಾಲಿಸಿಸ್ ರೋಗಿಗಳು ತೆಳ್ಳಗಿರುವವರಿಗಿಂತ ಹೆಚ್ಚು ಕಾಲ ಬದುಕುವುದು ದೊಡ್ಡ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದರೂ, ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ಮೂಲಗಳಲ್ಲಿ ಒಂದೆಂಬುದೂ ಅಷ್ಟೇ ನಿಜ. ಎಚ್‌ಬಿ ಹೆಚ್ಚಾಗಲೆಂದು ಕೊಬ್ಬು ಬೆಳೆಸಿಕೊಳ್ಳಿ ಎಂದು ಇದರಿಂದ ಅರ್ಥಮಾಡಿಕೊಳ್ಳಬಾರದು.

ಎರಿತ್ರೊಪೊಯೆಟಿನ್ ಇಂಜೆಕ್ಷನ್ 1989ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೇಲೆ ಈ ರೋಗಿಗಳ ಬದುಕೇ ಬದಲಾಯಿತು. ಆರಂಭದ ಪ್ರಮಾಣವನ್ನು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 50ರಿಂದ 100 ಯೂನಿಟ್‌ನಂತೆ, ವಾರಕ್ಕೆ ಮೂರು ಬಾರಿ ಎಂದು ಲೆಕ್ಕ ಹಾಕುತ್ತಾರೆ, ಮತ್ತೆ ಇಲ್ಲಿಯೂ ತೂಕ ಎಂದರೆ ನೀರು ಕಳೆದ ತೂಕವೇ ಆಗಬೇಕು. ಎಚ್‌ಬಿಯನ್ನು ಆರೋಗ್ಯವಂತರ ಮಟ್ಟಕ್ಕೆ ತರುವ ಆಸೆ ಬೇಡ. ಹೃದ್ರೋಗವಿದ್ದ ಡಯಾಲಿಸಿಸ್ ರೋಗಿಗಳಲ್ಲಿ ಹಾಗೆ ಮಾಡಿ ನೋಡಿದ ಪ್ರಯೋಗವೊಂದನ್ನು ಲಾಭ ಕಾಣದೆ ನಡುವೆಯೇ ನಿಲ್ಲಿಸಲಾಯಿತು, ಅದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ನಂತರದ ಅಧ್ಯಯನಗಳು ಪಾರ್ಶ್ವವಾಯುವಿನ ಅಪಾಯವನ್ನೂ ತೋರಿಸಿದವು. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯವಾಗಿ 11.5 ದಾಟಿಸುವುದು ಬೇಡ ಎಂದಿತು. 2022ರಿಂದ ಭಾರತದಲ್ಲಿ ಡೆಸಿಡುಸ್ಟಾಟ್ ಎಂಬ ಮಾತ್ರೆಯೂ ಅನುಮತಿ ಪಡೆದಿದೆ. ಅದು ದೇಹಕ್ಕೆ ಆಮ್ಲಜನಕ ಕಡಿಮೆಯಿದೆ ಎಂಬ ಭಾವನೆ ಹುಟ್ಟಿಸಿ ತನ್ನದೇ ಹಾರ್ಮೋನನ್ನು ತಯಾರಿಸುವಂತೆ ಮಾಡುತ್ತದೆ. ಪ್ರಮಾಣ ಹೆಚ್ಚಿಸಿದರೂ ಎಚ್‌ಬಿ ಏರದಿದ್ದರೆ ಡಯಾಲಿಸಿಸ್‌ಗಾಗಿ ಕತ್ತಿನ ರಕ್ತನಾಳಕ್ಕೆ ಹಾಕಿದ ಕ್ಯಾತಿಟರ್ ಕೊಳವೆಯ ಸೋಂಕು, ಗುಪ್ತವಾಗಿರುವ ಕ್ಷಯ, ಸಾಲದ ಡಯಾಲಿಸಿಸ್, ಪ್ಯಾರಾಥೈರಾಯ್ಡ್ ಹಾರ್ಮೋನಿನ ಹೆಚ್ಚಳ ಇವುಗಳನ್ನು ಹುಡುಕಬೇಕು. ಘಟಕದ ನೀರನ್ನೂ ಮರೆಯಬಾರದು: ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ಅದರಲ್ಲಿ ನೀರಿನ ರೋಗಾಣು ಕೊಲ್ಲಲು ಬಳಸುವ ಕ್ಲೋರಮೈನ್ ಉಳಿದರೆ ಕೆಂಪು ಕಣಗಳು ಒಡೆಯುತ್ತವೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಆರ್‌ಒ ಘಟಕದ ನಿರ್ವಹಣೆಯೂ ಚಿಕಿತ್ಸೆಯ ಭಾಗವೇ.

ಊಟದ ವಿಷಯದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಅನಾಹುತವಾಗುತ್ತದೆ. ರಕ್ತ ಕಮ್ಮಿ ಎಂದು ಕೇಳಿದ ನೆಂಟರು ಬೀಟ್‌ರೂಟ್ ರಸ, ಖರ್ಜೂರ, ದಾಳಿಂಬೆ, ಎಳನೀರು ಹಿಡಿದು ಬರುತ್ತಾರೆ. ಎರಿತ್ರೊಪೊಯೆಟಿನ್ನೇ ಇಲ್ಲದ ದೇಹದಲ್ಲಿ ಇವು ರಕ್ತ ಹೆಚ್ಚಿಸುವುದಿಲ್ಲ, ಪೊಟ್ಯಾಸಿಯಂ ಮಾತ್ರ ಹೆಚ್ಚಿಸುತ್ತವೆ, ಅದು ಮಿತಿ ಮೀರಿದರೆ ಹೃದಯ ನಿಲ್ಲಬಹುದು. ಬೇಕಾಗಿರುವುದು ಪ್ರೋಟೀನ್: ದಿನಕ್ಕೆ ಒಂದು ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ, ಅಂದರೆ 55 ಕಿಲೋ ಇರುವವರಿಗೆ 55ರಿಂದ 66 ಗ್ರಾಂ. ಡಯಾಲಿಸಿಸ್‌ಗೆ ಮುಂಚೆ ವೈದ್ಯರು ಬೇಳೆ ಕಾಳು ಕಡಿಮೆ ಮಾಡಿ ಎಂದಿದ್ದನ್ನು ಡಯಾಲಿಸಿಸ್ ಶುರುವಾದ ಮೇಲೂ ಪಾಲಿಸುತ್ತಿರುವವರು ಬಹಳ. ಪ್ರತಿ ಸರದಿಯಲ್ಲೂ ಕೆಲವು ಗ್ರಾಂ ಅಮೈನೋ ಆಮ್ಲಗಳು ಯಂತ್ರದ ಮೂಲಕ ಹೊರಹೋಗುವುದರಿಂದ ಆ ಪಥ್ಯ ಈಗ ತಿರುಗುಬಾಣ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂಗೂ ಮೇಲು. ಮೊಟ್ಟೆ ಮುಟ್ಟದ ಮನೆಗಳಲ್ಲಿ ಹೆಸರುಬೇಳೆ, ಮೊಸರು, ಪನೀರುಗಳನ್ನು, ಅವುಗಳಲ್ಲಿರುವ ರಂಜಕವನ್ನು (ಫಾಸ್ಫರಸ್) ಹಿಡಿದಿಡುವ ಮಾತ್ರೆಯ ಜೊತೆ ಹೊಂದಿಸಿಕೊಡುವುದು ಆಹಾರತಜ್ಞರ ಕೆಲಸ. ಇನ್ನು ಸಂಜೆಯ ಮಂಡಕ್ಕಿ, ಮೆಣಸಿನಕಾಯಿ. ಅದನ್ನು ಬಿಡಿ ಎಂದರೆ ದಾವಣಗೆರೆಯವರು ಕೇಳುವುದು ಕಷ್ಟ, ಆದರೆ ದೇಹದಲ್ಲಿ ನಿಂತ 8-9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನೀರು ಕುಡಿಯಬೇಡಿ ಎಂದು ಹೇಳುವುದಕ್ಕಿಂತ ಉಪ್ಪು ಕಡಿಮೆ ಮಾಡಿ ಎಂದು ಹೇಳುವುದೇ ನಡೆಯುವ ಮಾತು.

ಎಚ್‌ಬಿ 7ರ ಆಸುಪಾಸಿಗೆ ಇಳಿದಾಗ ರಕ್ತ ಏರಿಸುವ ಮಾತು ಬರುತ್ತದೆ. ಆ ಹೊತ್ತಿಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಕಾಲು ಬಾತಿದೆಯೇ, ಡ್ರೈ ವೇಟನ್ನು ಕಡೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂಬುದೇ. ಕಿಡ್ನಿ ಕಸಿಗಾಗಿ ಕಾಯುತ್ತಿರುವವರಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ, ಏಕೆಂದರೆ ಬೇರೆಯವರ ರಕ್ತ ಪಡೆದಂತೆಲ್ಲ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು ಮುಂದೆ ಹೊಂದುವ ಕಿಡ್ನಿ ಸಿಗುವುದನ್ನು ಕಷ್ಟವಾಗಿಸುತ್ತವೆ. ರಕ್ತಸ್ರಾವವಾಗಿಯೋ ಎದೆನೋವು ಬಂದೋ ಏರಿಸಲೇಬೇಕಾದರೆ, ತುರ್ತಿಲ್ಲದ ಪಕ್ಷದಲ್ಲಿ, ಡಯಾಲಿಸಿಸ್ ನಡೆಯುತ್ತಿರುವಾಗಲೇ ಏರಿಸುವುದು ವಾಡಿಕೆ; ಚೀಲದ ರಕ್ತದ ಜೊತೆ ಒಳಬರುವ ನೀರನ್ನೂ ಪೊಟ್ಯಾಸಿಯಂ ಅನ್ನೂ ಯಂತ್ರ ಅದೇ ಸರದಿಯಲ್ಲಿ ತೆಗೆದುಬಿಡುತ್ತದೆ.